ಬೇಳೆ ಒಲ್ಲದ ನೀರು, ಬಾರ್ಲಿ ಒಪ್ಪಿದ ನೀರು

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಪಿಎಚ್ ಪಟ್ಟಿಯ ಚಿತ್ರ ನೋಡಿಯೇ ಇರುತ್ತೀರಿ. ಒಂದು ತುದಿಗೆ ಕೆಂಪು, ಇನ್ನೊಂದು ತುದಿಗೆ ನೇರಳೆ, ನಡುವೆ ಹಸಿರು ಬಣ್ಣದ 7. ನಿಂಬೆರಸ ಈ ಕಡೆ, ಸಾಬೂನಿನ ನೀರು ಆ ಕಡೆ ಎಂದು ಬಾಯಿಪಾಠ ಮಾಡಿ ಎರಡು ಅಂಕ ತಗೊಳ್ತೀವಿ. ಆದರೆ ಈ ಅಳತೆ ಮೊದಲು ಯಾರಿಗೆ ಬೇಕಾಯಿತು, ಯಾವ ಕೆಲಸಕ್ಕೆ ಬೇಕಾಯಿತು ಎನ್ನುವುದನ್ನು ಪುಸ್ತಕ ಹೇಳುವುದಿಲ್ಲ. ಅದು ಹುಟ್ಟಿದ್ದು ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ, 1909ರಲ್ಲಿ, ಒಂದು ಬಿಯರ್ ಕಾರ್ಖಾನೆಯವರು ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ.

ಬಿಯರ್ ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು ಶುರುವಾಗಿರುತ್ತದೆ, ಗೊತ್ತು. ಇದು ಕುಡಿಯುವವರ ಪರವಾದ ಬರಹ ಅಲ್ಲ, ಮಾಡುವುದನ್ನು ಕಲಿಸುವ ಪಾಠವೂ ಅಲ್ಲ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ನಾನು ಹೇಳಹೊರಟಿರುವುದು ನೀರಿನ ಕಥೆ. ನಮ್ಮ ಬೋರಿನ ನೀರು, ಅವರ ಬಾವಿಯ ನೀರು, ಎರಡರಲ್ಲೂ ಕರಗಿರುವ ಸುಣ್ಣದ ಕಥೆ. ಶಕ್ತಿಯನ್ನು ಜೂಲ್‌ಗಳಲ್ಲಿ ಅಳೆಯುತ್ತೇವಲ್ಲ, ಆ ಜೇಮ್ಸ್ ಜೂಲ್ ಕೂಡ ಇಂಗ್ಲೆಂಡಿನ ಬಿಯರ್ ತಯಾರಕನೊಬ್ಬನ ಮಗ. ಉಷ್ಣಮಾಪಕ, ತಕ್ಕಡಿ ಇಲ್ಲದೆ ಆ ಉದ್ಯಮ ನಡೆಯುವುದಿಲ್ಲ. ಅಲ್ಲಿ ವಿಜ್ಞಾನ ಬೆಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊಳಕೆಯೊಳಗಿನ ಕತ್ತರಿ

ಮೊದಲು ಮಾಲ್ಟ್ ಎಂದರೇನು ನೋಡೋಣ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ ಬೀಸಿದರೆ ರಾಗಿ ಮಾಲ್ಟ್. ಬಾರ್ಲಿಗೆ, ಅಂದರೆ ಜವೆಗೋಧಿಗೆ, ಹೀಗೇ ಮಾಡಿದರೆ ಬಾರ್ಲಿ ಮಾಲ್ಟ್.

ಕಾಳಿನೊಳಗಿನ ಪಿಷ್ಟ ಹುಟ್ಟಲಿರುವ ಗಿಡಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ಆದರೆ ಪಿಷ್ಟದ ಅಣು ಗ್ಲೂಕೋಸ್ ಕೊಂಡಿಗಳ ಬಹಳ ಉದ್ದನೆಯ ಸರಪಳಿ. ಅದನ್ನು ಇದ್ದ ಹಾಗೆಯೇ ಎಳೆ ಬೇರು ಹೀರಿಕೊಳ್ಳಲಾರದು. ಆದ್ದರಿಂದ ಮೊಳಕೆ ಒಡೆಯುವಾಗ ಕಾಳು ಅಮೈಲೇಸ್ ಎಂಬ ಕಿಣ್ವಗಳನ್ನು ಸಿದ್ಧಮಾಡಿಕೊಂಡು ಸರಪಳಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ಸಣ್ಣ ತುಂಡುಗಳೇ ಮಾಲ್ಟೋಸ್ ಮೊದಲಾದ ಸಕ್ಕರೆಗಳು. ನಮ್ಮ ಜೊಲ್ಲಿನಲ್ಲಿ ಇರುವುದೂ ಇದೇ ಕೆಲಸದ ಕಿಣ್ವ. ಜೋಳದ ರೊಟ್ಟಿಯ ತುಣುಕೊಂದನ್ನು ನುಂಗದೆ ಬಹಳ ಹೊತ್ತು ಅಗಿಯಿರಿ, ಸಿಹಿ ಹತ್ತುತ್ತದೆ.

ಕಣ್ಣಿಗೆ ಕಾಣುವ ಸಾಕ್ಷಿ ಬೇಕೆಂದರೆ ಗಟ್ಟಿ ಗಂಜಿಗೆ ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿ ನೋಡಿ. ಗಂಜಿ ಕೈ ಬಿಸಿಯಾಗುವಷ್ಟು ಬಿಸಿ ಇರಬೇಕು, ಕುದಿಯುತ್ತಿರಬಾರದು. ಸ್ವಲ್ಪ ಹೊತ್ತಿಗೆ ಅದು ನೀರು ನೀರಾಗುತ್ತದೆ. ನೀರು ಯಾರೂ ಹಾಕಿಲ್ಲ. ಸರಪಳಿ ತುಂಡಾಗಿದೆ ಅಷ್ಟೇ. ಕೂಸಿಗೆ ತಿನ್ನಿಸುವ ಗಂಜಿಗೆ ಮೊಳಕೆ ಹಿಟ್ಟು ಬಳಸುವುದರ ಲಾಭ ಇದು: ಕಾಳಿನ ಪ್ರಮಾಣ ಹೆಚ್ಚಿದ್ದರೂ ಗಂಜಿ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ.

ಬಿಯರ್ ತಯಾರಕರೂ ಮೊದಲು ಮಾಡುವುದು ಈ ಕೆಲಸವನ್ನೇ. ಪುಡಿಮಾಡಿದ ಬಾರ್ಲಿ ಮಾಲ್ಟನ್ನು ಬಿಸಿನೀರಿಗೆ ಕಲಸಿ, ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ತಾಸು ಇಡುತ್ತಾರೆ. ಈ ಗಂಜಿಗೆ ಅವರ ಮಾತಿನಲ್ಲಿ ಮ್ಯಾಶ್ ಎಂದು ಹೆಸರು. ಪಿಷ್ಟವೆಲ್ಲ ಸಕ್ಕರೆಯಾದ ಮೇಲೆ ಸಿಹಿನೀರನ್ನು ಬಸಿದುಕೊಂಡು, ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಮುಂದಿನದು ಯೀಸ್ಟಿನ ಕೆಲಸ. ನಮಗೆ ಬೇಕಾದದ್ದು ಆ ಮೊದಲ ಒಂದು ತಾಸು.

ಆ ಒಂದು ತಾಸಿನಲ್ಲಿ ಕಿಣ್ವ ಎರಡು ವಿಷಯಕ್ಕೆ ಹಟ ಹಿಡಿಯುತ್ತದೆ. ಒಂದು ಬಿಸಿ, ಇನ್ನೊಂದು ಹುಳಿ. ಬಿಸಿ ಹೆಚ್ಚಾದರೆ ಅದು ಕೆಟ್ಟುಹೋಗುತ್ತದೆ; ಮೊಟ್ಟೆಯ ಬಿಳಿಲೋಳೆ ಬೆಂದು ಗಟ್ಟಿಯಾದ ಹಾಗೆ. ಹುಳಿಯ ವಿಷಯದಲ್ಲಿ ಅದಕ್ಕೆ ಸೇರುವುದು ಪಿಎಚ್ 5.2ರಿಂದ 5.6ರ ಒಳಗಿನ ಜಾಗ. ಕಿಣ್ವ ಒಂದು ಪ್ರೋಟೀನು. ಅದು ಮಡಚಿ ಮಡಚಿ ಒಂದು ಆಕಾರಕ್ಕೆ ಬಂದು ಕೂತಿರುತ್ತದೆ. ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳು ಅದರ ಮೈಗೆ ಅಂಟಿಕೊಂಡರೆ ಅಲ್ಲಲ್ಲಿಯ ವಿದ್ಯುದಾವೇಶ ಬದಲಾಗುತ್ತದೆ, ಬಿಟ್ಟರೂ ಬದಲಾಗುತ್ತದೆ. ಆವೇಶ ಬದಲಾದರೆ ಪಿಷ್ಟವನ್ನು ಹಿಡಿದು ಕತ್ತರಿಸುವ ಬಾಯಿಯೇ ಓರೆಯಾಗುತ್ತದೆ. ಕತ್ತರಿಯ ತಿರುಪು ಬಿಗಿಯಾದರೂ ಕಷ್ಟ, ಸಡಿಲಾದರೂ ಕಷ್ಟ, ಹಾಗೆ.

ಪಿಎಚ್ 6 ದಾಟಿದರೆ ಇನ್ನೊಂದು ತೊಂದರೆಯೂ ಇದೆ. ಕಾಳಿನ ಸಿಪ್ಪೆಯಲ್ಲಿರುವ ಟ್ಯಾನಿನ್ ಹೊರಗೆ ಬಿಟ್ಟುಕೊಂಡು ರಸ ಒಗರಾಗುತ್ತದೆ. ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಬಿಗಿದ ಹಾಗೆ ಆಗುವ ಆ ಒಗರು.

ಸೊನ್ನೆಗಳ ಕಾಟ ತಪ್ಪಿಸಿದವನು

ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಒಡೆಯ ಜೆ. ಸಿ. ಜಾಕಬ್‌ಸನ್ 1875ರಲ್ಲಿ ಒಂದು ಪ್ರಯೋಗಾಲಯ ತೆರೆದ. ಅಲ್ಲಿ ಕಂಡುಕೊಂಡದ್ದನ್ನು ಗುಟ್ಟಾಗಿಡಬಾರದು, ಪ್ರಕಟಿಸಬೇಕು ಎಂಬ ಕಟ್ಟಳೆಯನ್ನೂ ಮಾಡಿದ. ವ್ಯಾಪಾರಸ್ಥನೊಬ್ಬ ಹೀಗೆ ಮಾಡಿದ್ದು ನನಗೆ ಇವತ್ತಿಗೂ ಬಹಳ ದೊಡ್ಡ ಮಾತೆನಿಸುತ್ತದೆ. ಆಹಾರದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಸಾರಜನಕವನ್ನು ಅಳೆದು ಹೇಳುವ ವಿಧಾನವನ್ನು 1883ರಲ್ಲಿ ಕೊಟ್ಟ ಯೋಹಾನ್ ಕ್ಯೆಲ್‌ಡಾಲ್ ಇದೇ ಪ್ರಯೋಗಾಲಯದವನು. ಅವನು ತೀರಿಕೊಂಡ ಮೇಲೆ, 1901ರಲ್ಲಿ, ರಸಾಯನ ವಿಭಾಗದ ಮುಖ್ಯಸ್ಥನಾಗಿ ಬಂದವನು ಸೋರೆನ್ ಸೋರೆನ್‌ಸನ್. ಅವನ ಹೆಂಡತಿ ಮಾರ್ಗರೆಟ್ ಕೂಡ ಪ್ರಯೋಗಗಳಲ್ಲಿ ಅವನ ಜೊತೆ ಕೆಲಸ ಮಾಡಿದವಳು.

ಸೋರೆನ್‌ಸನ್ ಕಿಣ್ವಗಳನ್ನು ಅಭ್ಯಾಸ ಮಾಡುತ್ತಿದ್ದ. ಒಂದು ದ್ರಾವಣಕ್ಕೆ ಎಷ್ಟು ಆಮ್ಲ ಸುರಿದಿದ್ದೇವೆ ಎಂಬ ಲೆಕ್ಕ ಕಿಣ್ವದ ನಡವಳಿಕೆಗೆ ಹೊಂದುತ್ತಿರಲಿಲ್ಲ. ಸುರಿದದ್ದರಲ್ಲಿ ಸ್ವಲ್ಪವನ್ನು ಪ್ರೋಟೀನುಗಳು, ಲವಣಗಳು ನುಂಗಿಬಿಡುತ್ತವೆ. ನುಂಗಿ ಉಳಿದ ಹೈಡ್ರೋಜನ್ ಅಯಾನು ಎಷ್ಟು ಎನ್ನುವುದೇ ಮುಖ್ಯ. ಆದರೆ ಆ ಸಂಖ್ಯೆಗಳು ಬರೆಯಲು ಬೇಸರ ತರುವಂಥವು. ಶುದ್ಧ ನೀರಿನಲ್ಲಿ ಲೀಟರಿಗೆ 0.0000001 ಮೋಲ್. ಅದಕ್ಕಿಂತ ನೂರು ಪಟ್ಟು ಹುಳಿಯಾದದ್ದರಲ್ಲಿ 0.00001. ಸೊನ್ನೆ ಎಣಿಸುವುದರಲ್ಲೇ ಕಣ್ಣು ಸೋಲಬೇಕು. ಸೋರೆನ್‌ಸನ್, ಇದನ್ನು ಹತ್ತರ ಘಾತವಾಗಿ ಬರೆದು ಆ ಘಾತಸೂಚಿಯನ್ನಷ್ಟೇ ಹೇಳಿದರೆ ಸಾಕಲ್ಲ ಎಂದ. ಮೊದಲನೆಯದು 7, ಎರಡನೆಯದು 5. ಅದೇ ಪಿಎಚ್.

ಇದರಿಂದ ಒಂದು ಮೋಸವೂ ಆಗುತ್ತದೆ, ಎಚ್ಚರ. 5.8 ಮತ್ತು 5.4 ನೋಡಲು ಹತ್ತಿರ ಹತ್ತಿರ ಕಾಣುತ್ತವೆ. ಆದರೆ ಪಿಎಚ್‌ನಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು, 0.4 ಎಂದರೆ ಸುಮಾರು ಎರಡೂವರೆ ಪಟ್ಟು. ಮ್ಯಾಶ್ ಮಾಡುವವರು ಎರಡನೆಯ ಅಂಕಿಗಾಗಿ ಒದ್ದಾಡುವುದು ಸುಮ್ಮನೆ ಅಲ್ಲ.

ಊರಿಗೊಂದು ನೀರು

ಈಗ ಪಿಎಚ್ ಗೊತ್ತಿಲ್ಲದ ಕಾಲಕ್ಕೆ ಹೋಗೋಣ. ಇಂಗ್ಲೆಂಡಿನ ನಡುನಾಡಿನಲ್ಲಿ ಟ್ರೆಂಟ್ ನದಿಯ ದಂಡೆಗೆ ಬರ್ಟನ್ ಎಂಬ ಊರಿದೆ. ಅಲ್ಲಿಯ ಬಾವಿ ನೀರು ನೆಲದಡಿಯ ಜಿಪ್ಸಂ ಪದರಗಳ ನಡುವೆ ಹರಿದು ಬರುತ್ತದೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್; ಮುರಿದ ಕೈಗೆ ಹಾಕುವ ಪ್ಲಾಸ್ಟರ್ ಆಗುವುದು ಇದರಿಂದಲೇ. ಬರ್ಟನ್ ನೀರಿಗೆ ಸಾಮಾನ್ಯವಾಗಿ ಕೊಡುವ ಅಂಕಿ, ಲೀಟರಿಗೆ 270 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ. ಸಾಬೂನು ಹಾಕಿದರೆ ನೊರೆ ಬರದೆ ಮೊಸರೊಡೆದ ಹಾಗೆ ಆಗುವ ಕಡು ಗಡಸು ನೀರು. ಅಷ್ಟಾದರೂ 19ನೆಯ ಶತಮಾನದಲ್ಲಿ ತಿಳಿಬಣ್ಣದ ಬಿಯರ್‌ಗೆ ಇಡೀ ದೇಶದಲ್ಲಿ ಹೆಸರಾದ ಊರು ಅದೇ. ಹಿಂದುಸ್ತಾನದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆಂದು ಪೀಪಾಯಿಗಳಲ್ಲಿ ಹಡಗು ಹತ್ತಿ ಬರುತ್ತಿದ್ದುದೂ ಅಲ್ಲಿಯ ಬಿಯರೇ. ಲಂಡನ್ನಿನ ಕಂಪನಿಗಳೂ ಬರ್ಟನ್‌ಗೆ ಬಂದು ಕಾರ್ಖಾನೆ ತೆರೆದವು. ಬಾರ್ಲಿಯನ್ನು ಬಂಡಿಯಲ್ಲಿ ತರಬಹುದು, ಕೆಲಸಗಾರರನ್ನು ಕರೆಸಬಹುದು. ಬಾವಿಯನ್ನು ಹೊತ್ತೊಯ್ಯಲು ಆಗುವುದಿಲ್ಲವಲ್ಲ.

ಲಂಡನ್ನಿನ ನೀರೂ ಗಡಸೇ. ಅಲ್ಲಿಯ ನೆಲದಡಿ ಸೀಮೆಸುಣ್ಣದ ಬಂಡೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಆ ನೀರಿನಲ್ಲಿ ತಿಳಿಬಣ್ಣದ ಬಿಯರ್ ಸರಿಬರಲಿಲ್ಲ. ಹೆಸರು ಮಾಡಿದ್ದು ಕಂದುಗಪ್ಪಿನ ಪೋರ್ಟರ್. ಜರ್ಮನಿಯ ಮ್ಯೂನಿಕ್ ನೀರೂ ಇದೇ ಜಾತಿ, ಅಲ್ಲಿಯೂ ಮೊದಲು ಹೆಸರಾದದ್ದು ಕಪ್ಪು ಬಿಯರೇ. ಇನ್ನು ಈಗಿನ ಚೆಕ್ ದೇಶದಲ್ಲಿರುವ ಪಿಲ್ಸೆನ್ ಊರಿನ ನೀರು ಮಳೆನೀರಿನಷ್ಟು ಮೃದು. ಲೀಟರಿಗೆ 10 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಇಲ್ಲ. ಅಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬವನು ಹೊಂಬಣ್ಣದ ಬಿಯರ್ ಮಾಡಿ ತೋರಿಸಿದ.

ಇಲ್ಲಿ ನಿಂತು ಯೋಚಿಸಿ. ತಿಳಿಬಣ್ಣದ ಬಿಯರ್ ಕಡುಗಡಸು ನೀರಿನ ಬರ್ಟನ್‌ನಲ್ಲಿ ಆಯಿತು, ಮೃದು ನೀರಿನ ಪಿಲ್ಸೆನ್‌ನಲ್ಲಿ ಆಯಿತು, ನಡುವಿನ ಲಂಡನ್ನಿನಲ್ಲಿ ಆಗಲಿಲ್ಲ. ಗಡಸುತನ ಒಳ್ಳೆಯದೋ ಕೆಟ್ಟದ್ದೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ಏಕೆಂದರೆ ನಾವು ಗಡಸುತನ ಎಂದು ಒಂದೇ ಹೆಸರಿನಿಂದ ಕರೆಯುವುದರೊಳಗೆ ಇಬ್ಬರಿದ್ದಾರೆ, ಅವರಿಬ್ಬರೂ ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗೆ ಎಳೆಯುತ್ತಾರೆ.

ಒಬ್ಬ ಕೊಡುತ್ತಾನೆ, ಒಬ್ಬ ನುಂಗುತ್ತಾನೆ

ಪುಸ್ತಕದಲ್ಲಿ ತಾತ್ಕಾಲಿಕ ಗಡಸುತನ, ಶಾಶ್ವತ ಗಡಸುತನ ಎಂದು ಓದಿದ್ದೀರಿ. ಕ್ಯಾಲ್ಸಿಯಂ ಜೊತೆ ಬೈಕಾರ್ಬೊನೇಟ್ ಇದ್ದರೆ ತಾತ್ಕಾಲಿಕ, ಕುದಿಸಿದರೆ ಹೋಗುತ್ತದೆ. ಸಲ್ಫೇಟ್, ಕ್ಲೋರೈಡ್ ಇದ್ದರೆ ಶಾಶ್ವತ, ಕುದಿಸಿದರೂ ಹೋಗದು. ಎರಡರಲ್ಲೂ ಕ್ಯಾಲ್ಸಿಯಂ ಇದೆ, ಅಥವಾ ಅದರ ತಮ್ಮನಾದ ಮೆಗ್ನೀಸಿಯಂ ಇದೆ. ಬೇರೆಯಾಗಿರುವುದು ಜೊತೆಗಾರ.

ಬೈಕಾರ್ಬೊನೇಟ್ ಹೈಡ್ರೋಜನ್ ಅಯಾನನ್ನು ಕಂಡಲ್ಲಿ ಹಿಡಿದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿಬಿಡುತ್ತದೆ. ಅಡುಗೆ ಸೋಡಾಕ್ಕೆ ಹುಣಸೆ ರಸ ಬಿದ್ದರೆ ಬುಸ್ ಎನ್ನುವುದು ಇದೇ. ಮ್ಯಾಶ್‌ನಲ್ಲಿ ಅದು ಇದ್ದಷ್ಟೂ ಮಾಲ್ಟಿನ ಸಹಜವಾದ ಹುಳಿ ಸಾಯುತ್ತದೆ, ಪಿಎಚ್ ಮೇಲೇರುತ್ತದೆ.

ಕ್ಯಾಲ್ಸಿಯಂ ಮಾಡುವುದು ಇದಕ್ಕೆ ತೀರ ಉಲ್ಟಾ. ಕಾಳಿನಲ್ಲಿ ಫಾಸ್ಫೇಟ್ ಬೇಕಾದಷ್ಟಿದೆ. ಅದು ಹೈಡ್ರೋಜನ್ ಅಯಾನನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುತ್ತದೆ. ಕ್ಯಾಲ್ಸಿಯಂ ಬಂದು ಫಾಸ್ಫೇಟಿನ ಕೈ ಹಿಡಿದರೆ ಇಬ್ಬರೂ ಸೇರಿ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತಾರೆ; ಕಂಕುಳಲ್ಲಿದ್ದ ಹೈಡ್ರೋಜನ್ ಅಯಾನು ನೀರಿಗೆ ಬೀಳುತ್ತದೆ. ಪಿಎಚ್ ಇಳಿಯುತ್ತದೆ. ಕ್ಯಾಲ್ಸಿಯಂ ಸ್ವತಃ ಆಮ್ಲವಲ್ಲ. ಆದರೂ ಬಚ್ಚಿಟ್ಟ ಆಮ್ಲವನ್ನು ಹೊರಗೆ ಹಾಕಿಸುವ ಚಾಲಾಕಿ.

ಈಗ ಒಗಟು ಬಿಡಿಸಿ. ಬರ್ಟನ್‌ನಲ್ಲಿ ಬೈಕಾರ್ಬೊನೇಟ್ ಇದ್ದರೂ ಜಿಪ್ಸಂನಿಂದ ಬಂದ ಕ್ಯಾಲ್ಸಿಯಂ ಅದಕ್ಕಿಂತ ಬಹಳ ಹೆಚ್ಚು, ಕೊಡುವವನು ಗೆದ್ದ. ಪಿಲ್ಸೆನ್‌ನಲ್ಲಿ ನುಂಗುವವನೇ ಇಲ್ಲ. ಲಂಡನ್, ಮ್ಯೂನಿಕ್‌ಗಳಲ್ಲಿ ಬೈಕಾರ್ಬೊನೇಟ್ ಮೇಲುಗೈ. ಹಾಗಾದರೆ ಅವರು ಕಪ್ಪು ಬಿಯರನ್ನು ಹೇಗೆ ಮಾಡಿದರು? ಕಾಳನ್ನು ಕಂದು ಬಣ್ಣಕ್ಕೆ ಹುರಿದಾಗ ಹುಳಿ ಪದಾರ್ಥಗಳು ಹುಟ್ಟುತ್ತವೆ. ಹುರಿದ ಮಾಲ್ಟ್ ತಾನೇ ತಂದ ಹುಳಿ ಬೈಕಾರ್ಬೊನೇಟನ್ನು ಮುಗಿಸಿತು. ಅವರಿಗೆ ಅಯಾನು ಗೊತ್ತಿರಲಿಲ್ಲ, ಪಿಎಚ್ ಗೊತ್ತಿರಲಿಲ್ಲ. ಯಾವುದು ಚೆನ್ನಾಗಿ ಆಯಿತೋ ಅದನ್ನು ಮಾಡುತ್ತ ಹೋದರು.

ಈ ಜಗ್ಗಾಟವನ್ನು ಲೆಕ್ಕಕ್ಕೆ ಇಳಿಸಿದವನು ಜರ್ಮನಿಯ ಪಾಲ್ ಕೋಲ್ಬಾಕ್, 1953ರಲ್ಲಿ. ನೀರಿನ ಪರೀಕ್ಷಾ ವರದಿಯಲ್ಲಿ ಗಡಸುತನ, ಕ್ಷಾರೀಯತೆ ಎರಡನ್ನೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಕೊಟ್ಟಿರುತ್ತಾರೆ. ಕೋಲ್ಬಾಕ್ ಹೇಳಿದ್ದು: ಕ್ಯಾಲ್ಸಿಯಂ ಗಡಸುತನವನ್ನು 3.5ರಿಂದ ಭಾಗಿಸಿ, ಮೆಗ್ನೀಸಿಯಂ ಗಡಸುತನವನ್ನು 7ರಿಂದ ಭಾಗಿಸಿ, ಎರಡನ್ನೂ ಕ್ಷಾರೀಯತೆಯಿಂದ ಕಳೆಯಿರಿ. ಉಳಿದದ್ದೇ ಮ್ಯಾಶ್‌ಗೆ ತಟ್ಟುವ ಕ್ಷಾರೀಯತೆ.

ಲೆಕ್ಕಕ್ಕೊಂದು ನೀರು ಇಟ್ಟುಕೊಳ್ಳೋಣ. ಕ್ಷಾರೀಯತೆ 300, ಕ್ಯಾಲ್ಸಿಯಂ ಗಡಸುತನ 210, ಮೆಗ್ನೀಸಿಯಂ ಗಡಸುತನ 70. 210ನ್ನು 3.5ರಿಂದ ಭಾಗಿಸಿದರೆ 60. 70ನ್ನು 7ರಿಂದ ಭಾಗಿಸಿದರೆ 10. 300ರಲ್ಲಿ 70 ಹೋದರೆ 230 ಉಳಿಯಿತು. ಉಳಿಕೆ 180ರಷ್ಟಿದ್ದರೆ ಪಿಎಚ್ ಸುಮಾರು 0.3 ಏರುತ್ತದೆ ಎಂಬುದು ಕೋಲ್ಬಾಕ್ ಕಂಡ ಅಂದಾಜು. ನಮ್ಮ 230ಕ್ಕೆ ಹತ್ತಿರ ಹತ್ತಿರ 0.4. ಶುದ್ಧ ನೀರಿನಲ್ಲಿ ತಿಳಿ ಮಾಲ್ಟ್ ಕಲಸಿದರೆ 5.8ರ ಆಸುಪಾಸಿಗೆ ನಿಲ್ಲುತ್ತದೆ. ಈ ನೀರಿನಲ್ಲಿ 6.2. ಕಿಣ್ವ ಮುಖ ತಿರುಗಿಸುವ ಜಾಗ, ಒಗರು ಬಿಡುವ ಜಾಗ. ಕುಡಿಯುವುದಕ್ಕೆ ಮಾತ್ರ ಈ ನೀರು ತೀರ ಕೆಟ್ಟದ್ದೇನಲ್ಲ. ಭಾರತೀಯ ಮಾನಕದ ಪ್ರಕಾರ ಒಟ್ಟು ಗಡಸುತನ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದಲ್ಲಿ 600ರವರೆಗೆ ನಡೆಯುತ್ತದೆ. ಇದರದು 280.

ನೀರನ್ನು ಪಳಗಿಸುವುದು

ಅಮೆರಿಕ, ಇಂಗ್ಲೆಂಡ್ ಕಡೆ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಕ್ಕೆ ಕಾನೂನಿನ ಅಡ್ಡಿಯಿಲ್ಲ. ಆ ಹವ್ಯಾಸಿಗಳಲ್ಲಿ ಪೂರ್ತಿ ಕಾಳಿನಿಂದಲೇ ಶುರುಮಾಡುವವರು ನೀರಿನ ವರದಿ ಮುಂದಿಟ್ಟುಕೊಂಡು ಈ ಲೆಕ್ಕ ಹಾಕುತ್ತಾರೆ. ಅವರ ಉಪಾಯಗಳಲ್ಲಿ ನಮ್ಮ ಪಠ್ಯದ ಅರ್ಧ ಅಧ್ಯಾಯವೇ ಇದೆ.

ಮೊದಲನೆಯದು ಕುದಿಸಿ, ಆರಿಸಿ, ತಿಳಿ ಬಸಿದುಕೊಳ್ಳುವುದು. ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗಿ ಕ್ಯಾಲ್ಸಿಯಂ ಜೊತೆ ಬಿಳಿ ಪುಡಿಯಾಗಿ ಕೂರುತ್ತದೆ. ಆದರೆ ಇಲ್ಲಿ ಕೊಡುವವನೂ ನುಂಗುವವನೂ ಒಟ್ಟಿಗೇ ಹೋದರು. ಆದ್ದರಿಂದ ಆಮೇಲೆ ಸ್ವಲ್ಪ ಜಿಪ್ಸಮ್ಮನ್ನೋ ಕ್ಯಾಲ್ಸಿಯಂ ಕ್ಲೋರೈಡನ್ನೋ ಸೇರಿಸಿ ಕ್ಯಾಲ್ಸಿಯಂ ಮರಳಿಸುತ್ತಾರೆ. ಗಡಸು ನೀರಿಗೆ ಬೇಕೆಂದೇ ಗಡಸುತನ ಹಾಕುವುದು! ಎರಡನೆಯದು ಸುಣ್ಣದ ತಿಳಿನೀರು ಬೆರೆಸುವುದು, ಕ್ಲಾರ್ಕ್ ವಿಧಾನ ಎಂದು ಪುಸ್ತಕದಲ್ಲಿ ಬರುತ್ತದಲ್ಲ, ಅದು. ಸುಣ್ಣ ಹಾಕಿ ಸುಣ್ಣ ತೆಗೆಯುವುದು. ಮುಳ್ಳಿನಿಂದ ಮುಳ್ಳು ತೆಗೆದ ಹಾಗೆ. ಮಳೆನೀರನ್ನೋ ಆರ್‌ಒ ನೀರನ್ನೋ ಅರ್ಧಕ್ಕರ್ಧ ಬೆರೆಸುವುದು ಎಲ್ಲಕ್ಕಿಂತ ಸುಲಭ. ಎಲ್ಲ ಅಂಕಿಗಳೂ ಅರ್ಧವಾಗುತ್ತವೆ, ಮೇಲಿನ 230 ಇದ್ದದ್ದು 115 ಆಗುತ್ತದೆ.

ಇಷ್ಟಾದರೂ ಸಾಲದಿದ್ದರೆ ಆಮ್ಲ. ಹೆಚ್ಚಾಗಿ ಲ್ಯಾಕ್ಟಿಕ್ ಆಮ್ಲ, ನಮ್ಮ ಮೊಸರಿನ ಹುಳಿ ಅದೇ. ಇಲ್ಲೊಂದು ಸ್ವಾರಸ್ಯವಿದೆ. ಜರ್ಮನಿಯ ಬವೇರಿಯಾದಲ್ಲಿ 1516ರಷ್ಟು ಹಿಂದೆಯೇ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಇವಿಷ್ಟೇ ಹಾಕಬೇಕು ಎಂದು ಶಾಸನವಾಯಿತು. ಆ ಸಂಪ್ರದಾಯ ಬಿಡದವರು ಸೀಸೆಯ ಆಮ್ಲ ಸುರಿಯುವಂತಿಲ್ಲ. ಅದಕ್ಕೆ ಅವರು ಮಾಲ್ಟ್ ಮೇಲೆಯೇ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಸಿ, ಹುಳಿ ಬರಿಸಿ, ಒಣಗಿಸಿ, ಆ ಹುಳಿಮಾಲ್ಟನ್ನು ಒಂದು ಹಿಡಿ ಬೆರೆಸುತ್ತಾರೆ. ದೋಸೆ ಹಿಟ್ಟು ಹುಳಿ ಬರಿಸುವ ನಮಗೆ ಈ ಯುಕ್ತಿ ಹೊಸದಲ್ಲ.

ಹಾಕಿದ ಮೇಲೆ ಅಳೆಯಬೇಕು. ಅಳೆಯುವಾಗ ಒಂದು ಚಮಚ ರಸ ತೆಗೆದು ತಣ್ಣಗೆ ಮಾಡಿಕೊಳ್ಳುತ್ತಾರೆ, ಏಕೆಂದರೆ 65 ಡಿಗ್ರಿಯಲ್ಲಿ ಮ್ಯಾಶ್‌ನ ಪಿಎಚ್ ಕೋಣೆಯ ಉಷ್ಣತೆಯಲ್ಲಿ ಇರುವುದಕ್ಕಿಂತ ಸುಮಾರು 0.3 ಕಡಿಮೆ ಇರುತ್ತದೆ. ಒಮ್ಮೆ ಬಿಸಿಯಾಗಿ, ಒಮ್ಮೆ ತಣ್ಣಗೆ ಅಳೆದು ಹೋಲಿಸಿದರೆ ಲೆಕ್ಕವೆಲ್ಲ ಹಳ್ಳ ಹಿಡಿದ ಹಾಗೇ.

ಇನ್ನು ನಮ್ಮ ಬ್ಯಾಳಿ

ಅಕ್ಕಲಕೋಟ ಕಡೆಯ ನಮ್ಮ ಎರೆ ನೆಲ ಅಗೆದರೆ ಬೆಳ್ಳಗಿನ ಸುಣ್ಣದ ಹರಳು ಸಿಗುತ್ತವೆ. ಬೋರಿನ ನೀರು ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಶಾಲೆಯಲ್ಲಿ ಅಡುಗೆ ಮಾಡುವ ಮಾವಶಿ ಹೇಳುತ್ತಾರೆ, "ಬೋರಿನ ನೀರಾಗ ಬ್ಯಾಳಿ ಎಷ್ಟು ಕುದಿಸಿದ್ರೂ ಕಲ್ಲಿದ್ದಂಗ ಇರ್ತಾವ್ರಿ ಸರ. ಚಿಮಟಿ ಸೋಡಾ ಹಾಕಿದ್ರ ನುಣ್ಣಗ ಆಗ್ತಾವ." ಇದು ಮೇಲಿನ ಕಥೆಯ ತಲೆಕೆಳಗು, ಗಮನಿಸಿದಿರಾ?

ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಗಾರೆ ಪೆಕ್ಟಿನ್. ಬೇಯುವುದೆಂದರೆ ಆ ಗಾರೆ ಕರಗಿ ಕೋಶಗಳು ಬಿಡಿಬಿಡಿಯಾಗುವುದು. ಕ್ಯಾಲ್ಸಿಯಂ ಪೆಕ್ಟಿನ್ನಿನ ಎಳೆಗಳ ನಡುವೆ ಮೊಳೆ ಹೊಡೆದ ಹಾಗೆ ಕೂತು ಗಾರೆಯನ್ನು ಗಟ್ಟಿ ಮಾಡುತ್ತದೆ. ಸೋಡಾದ ಬೈಕಾರ್ಬೊನೇಟ್ ನೀರನ್ನು ಕ್ಷಾರ ಮಾಡಿ ಪೆಕ್ಟಿನ್ ಎಳೆಗಳನ್ನು ಮುರಿಯಲು ಅನುವು ಮಾಡುತ್ತದೆ, ಕುದಿಯುವಾಗ ಒಂದಿಷ್ಟು ಕ್ಯಾಲ್ಸಿಯಮ್ಮನ್ನೂ ತಳಕ್ಕೆ ಕೂರಿಸುತ್ತದೆ. ಬಾರ್ಲಿಗೆ ಮಿತ್ರನಾದ ಕ್ಯಾಲ್ಸಿಯಂ ಬೇಳೆಗೆ ವೈರಿ. ಬಾರ್ಲಿಗೆ ವೈರಿಯಾದ ಬೈಕಾರ್ಬೊನೇಟ್ ಬೇಳೆಗೆ ನೆಂಟ. ಹುಳಿಯೂ ಹಾಗೆಯೇ. ಮ್ಯಾಶ್‌ಗೆ ಮೊದಲೇ ಹುಳಿ ಬೇಕು, ಬೇಳೆಗೆ ಮೊದಲು ಹುಣಸೆಹಣ್ಣು ಹಿಂಡಿದರೆ ಅದು ಬೇಯುವುದೇ ಇಲ್ಲ. ಬೇಳೆ ಬೆಂದ ಮೇಲೆ ಹುಳಿ ಎಂಬ ಅಜ್ಜಿಯರ ಕ್ರಮದಲ್ಲಿ ರಸಾಯನಶಾಸ್ತ್ರ ಅಡಗಿ ಕೂತಿದೆ. ಸೋಡಾ ಮಾತ್ರ ಚಿಟಿಕೆಯಷ್ಟೇ ಇರಲಿ. ಹೆಚ್ಚಾದರೆ ರುಚಿಯೂ ಕೆಡುತ್ತದೆ, ಬೇಳೆಯ ಬಿ1 ಜೀವಸತ್ವವೂ ಹಾಳಾಗುತ್ತದೆ.

ಚಹಾ ನೋಡಿ. ಗಡಸು ನೀರಿನಲ್ಲಿ ಮಾಡಿದ ಹಾಲಿಲ್ಲದ ಚಹಾ ಆರಿದರೆ ಮೇಲೊಂದು ಮಂಕು ಪೊರೆ ಕಟ್ಟುತ್ತದೆ. ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಮತ್ತು ಚಹಾದ ಒಗರು ಪದಾರ್ಥ ಸೇರಿ ಆದದ್ದು ಅದು. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಚಹಾದ ಬಣ್ಣ ತಿಳಿಯಾಗುತ್ತದೆ, ಪೊರೆಯೂ ಕಟ್ಟುವುದಿಲ್ಲ.

ನಿಮ್ಮ ಊರಿನ ನೀರಿಗೆ ಮೂರು ಪರೀಕ್ಷೆ

ಈ ಪತ್ರಿಕೆ ಹೋಗುವ ಊರುಗಳ ನೀರಿನಷ್ಟು ಬಗೆ ಬೇರೆ ಕಡೆ ಸಿಗುವುದು ಕಷ್ಟ. ಕಾಸರಗೋಡಿನ ಮಕ್ಕಳೇ, ನಿಮ್ಮ ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿಯ ಕಡೆಗೇ ವಾಲಿರುತ್ತದೆ. ಜತ್ತ, ಸೊಲ್ಲಾಪುರದವರದು ಕಪ್ಪುಕಲ್ಲಿನ ನೆಲ, ರಾಯದುರ್ಗದವರದು ಬೆಣಚು ಬಂಡೆಯ ನೆಲ. ಇಷ್ಟು ಮಾಡಿ ನೋಡಿ.

ಒಂದು, ಸಾಬೂನು ಪರೀಕ್ಷೆ. ಬಟ್ಟೆ ಸಾಬೂನಿನ ತುರಿಯನ್ನು ಮಳೆನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಮುಚ್ಚಳವಿರುವ ಒಂದೇ ಅಳತೆಯ ಎರಡು ಬಾಟಲಿ, ಒಂದರಲ್ಲಿ ಊರಿನ ನೀರು, ಇನ್ನೊಂದರಲ್ಲಿ ಅದನ್ನೇ ಹತ್ತು ನಿಮಿಷ ಕುದಿಸಿ ಆರಿಸಿ ಬಸಿದ ತಿಳಿ. ಹನಿಹನಿಯಾಗಿ ಸಾಬೂನು ನೀರು ಹಾಕುತ್ತ ಕುಲುಕಿ, ನೊರೆ ಒಂದು ನಿಮಿಷ ನಿಲ್ಲಲು ಎಷ್ಟು ಹನಿ ಬೇಕಾಯಿತು ಬರೆದುಕೊಳ್ಳಿ. ಡಿಟರ್ಜೆಂಟ್ ಪುಡಿ ನಡೆಯುವುದಿಲ್ಲ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಎರಡು ಬಾಟಲಿಗಳ ಹನಿಗಳ ವ್ಯತ್ಯಾಸ ತಾತ್ಕಾಲಿಕ ಗಡಸುತನದ ಪಾಲು. ವ್ಯತ್ಯಾಸ ದೊಡ್ಡದಿದ್ದರೆ ನಿಮ್ಮದು ಲಂಡನ್ನಿನ ಜಾತಿಯ ನೀರು, ಚಿಕ್ಕದಿದ್ದು ಎರಡಕ್ಕೂ ಬಹಳ ಹನಿ ಬೇಕಾದರೆ ಬರ್ಟನ್ ಜಾತಿ, ಎರಡಕ್ಕೂ ಸ್ವಲ್ಪವೇ ಸಾಕಾದರೆ ಪಿಲ್ಸೆನ್.

ಎರಡು, ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪೊರೆಯನ್ನು ಕೆರೆದು ಅದರ ಮೇಲೆ ವಿನೆಗರ್ ಬಿಡಿ. ಬುಸುಗುಟ್ಟಿದರೆ ಕಾರ್ಬೊನೇಟ್.

ಮೂರು, ಕಿಣ್ವದ ಪರೀಕ್ಷೆ. ಇದನ್ನು ಗುರುಗಳ ಮುಂದೆಯೇ ಮಾಡಿ. ಮೊಳಕೆ ರಾಗಿಯನ್ನು ಬಿಸಿಲಿನಲ್ಲಿ ಒಣಗಿಸಿ ಬೀಸಿದ ಹಿಟ್ಟು ಬೇಕು, ಹುರಿದದ್ದು ಬೇಡ. ಹುರಿದರೆ ಕಿಣ್ವ ಸತ್ತಿರುತ್ತದೆ. ತೆಳ್ಳಗಿನ ಅಕ್ಕಿ ಗಂಜಿಯನ್ನು ಮಳೆನೀರಿನಲ್ಲಿ ಮಾಡಿ ನಾಲ್ಕು ಲೋಟಕ್ಕೆ ಹಂಚಿ. ಒಂದಕ್ಕೆ ಏನೂ ಬೇಡ. ಎರಡನೆಯದಕ್ಕೆ ಕೆಲವೇ ಹನಿ ವಿನೆಗರ್, ಮೂರನೆಯದಕ್ಕೆ ಎರಡು ಚಮಚ ವಿನೆಗರ್, ನಾಲ್ಕನೆಯದಕ್ಕೆ ಅರ್ಧ ಚಮಚ ಅಡುಗೆ ಸೋಡಾ. ನಾಲ್ಕನ್ನೂ ಬಿಸಿನೀರಿನ ಬೋಗುಣಿಯಲ್ಲಿ ಇಟ್ಟು, ಪ್ರತಿಯೊಂದಕ್ಕೂ ಒಂದೇ ಅಳತೆಯ ರಾಗಿ ಹಿಟ್ಟು ಕಲಸಿ. ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಹನಿ ಬಿಳಿ ತಟ್ಟೆಗೆ ತೆಗೆದು ತೆಳು ಅಯೋಡಿನ್ ಮುಟ್ಟಿಸಿ. ಕಡುನೀಲಿ ಬಂದರೆ ಪಿಷ್ಟ ಇನ್ನೂ ಇದೆ, ಬಣ್ಣ ಕಂದಾಗುತ್ತ ಹೋದರೆ ಕತ್ತರಿ ಕೆಲಸ ಮಾಡುತ್ತಿದೆ. ಸೋಡಾ ಲೋಟದ ಹನಿಗೆ ಅಯೋಡಿನ್ ಹಾಕುವ ಮೊದಲು ತಟ್ಟೆಯ ಮೇಲೆಯೇ ಒಂದು ಹನಿ ವಿನೆಗರ್ ಬಿಡಿ, ಕ್ಷಾರ ಅಯೋಡಿನ್ ಬಣ್ಣವನ್ನು ತಿನ್ನುತ್ತದೆ. ವಿನೆಗರ್ ಬದಲು ನಿಂಬೆರಸ ಬಳಸಬೇಡಿ. ಅದರಲ್ಲಿರುವ ಸಿ ಜೀವಸತ್ವ ಅಯೋಡಿನ್ ಬಣ್ಣವನ್ನು ಪೂರ್ತಿ ಅಳಿಸಿಬಿಡುತ್ತದೆ, ಪಿಷ್ಟ ಮುಗಿಯಿತು ಎಂದು ನೀವು ಮೋಸಹೋಗುತ್ತೀರಿ. ಪರೀಕ್ಷೆಗೆ ಬಳಸಿದ ಗಂಜಿಯನ್ನು ಯಾರೂ ಬಾಯಿಗೆ ಹಾಕಬಾರದು.

ಯಾವ ಲೋಟ ಮೊದಲು ಬಣ್ಣ ಬಿಟ್ಟಿತು, ಯಾವುದು ಕೊನೆಗೂ ನೀಲಿಯಾಗಿಯೇ ಉಳಿಯಿತು ಎಂದು ಸಮಯದ ಸಮೇತ ಬರೆಯಿರಿ. ಆಮೇಲೆ ಮಳೆನೀರಿನ ಬದಲು ನಿಮ್ಮ ಊರಿನ ನೀರಿನಲ್ಲಿ ಗಂಜಿ ಮಾಡಿ, ಇದೆಲ್ಲವನ್ನೂ ಇನ್ನೊಮ್ಮೆ ಮಾಡಿ. ಸಾಬೂನಿನ ಹನಿ ಲೆಕ್ಕವನ್ನು ಮಳೆಗಾಲ ಮುಗಿದಾಗ ಒಮ್ಮೆ, ಬಿಸಿಲು ಏರಿ ಬಾವಿ ತಳ ಕಂಡಾಗ ಒಮ್ಮೆ ತೆಗೆದು ಪತ್ರಿಕೆಗೆ ಕಳಿಸಿ. ಬಾಟಲಿಯ ಮೇಲೆ ತಾರೀಖು, ಯಾವ ಬಾವಿ ಅಥವಾ ಯಾವ ಬೋರು ಎಂಬುದನ್ನು ಬರೆಯುವುದು ಮರೆಯಬೇಡಿ.